ದಲೈ ಲಾಮಾ 90 ದಾಟಿದರು: ಬೈಲಕುಪ್ಪೆ, ಗುರುಪುರದವರಿಗೆ ಮುಂದಿನ ಚಿಂತೆ ಏನು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿಗೆ ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಲಾಗಿದೆ.)

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲೂಕಿನ ಒಂದೊಂದು ವಿಷಯ ಹಿಡ್ಕೊಂಡು ನಿಧಾನವಾಗಿ ಬಿಡಿಸಿ ಹೇಳೋ ಕಾರ್ಯಕ್ರಮ ಇದು. ಈ ಸಲದ ವಿಷಯ ಕೊಟ್ಟಿದ್ದು ಕೆ.ಆರ್. ನಗರದ ಕೇಳುಗರೊಬ್ಬರು. ಅವರ ಪ್ರಶ್ನೆ ಹೀಗಿತ್ತು: "ದಲೈ ಲಾಮಾ 2011ರಲ್ಲೇ ರಾಜಕೀಯ ಅಧಿಕಾರ ಬಿಟ್ಟುಕೊಟ್ಟರು ಅಂತೀರಿ. ಹಾಗಿದ್ದ ಮೇಲೆ ಅವರಿಗೆ ಮಂಡಿ ನೋವು ಅಂದ್ರೆ ಬೈಲಕುಪ್ಪೆ ಯಾಕೆ ಉಸಿರು ಬಿಗಿಹಿಡಿದು ಕೂರುತ್ತೆ? ಅವರು ಗುರುಗಳಾ, ರಾಜರಾ?"

ಒಳ್ಳೆ ಪ್ರಶ್ನೆ. ಉತ್ತರ ಒಂದು ಸಾಲಲ್ಲಿ ಮುಗಿಯಲ್ಲ.

ರಾಜ ಅನ್ನೋ ಪದದಿಂದಲೇ ಶುರು ಮಾಡೋಣ, ಯಾಕಂದ್ರೆ ನಮ್ಮ ಭಾಗದವರಿಗೆ ಅದು ಹೊಸದಲ್ಲ. ಪ್ರಶ್ನೆ ಕೇಳಿದವರ ಊರೇ ನಾಲ್ವಡಿ ಕೃಷ್ಣರಾಜ ಒಡೆಯರ್ ಹೆಸರಿನದು. ನಮ್ಮ ಹಿರಿಯರು ಸಂವಿಧಾನಬದ್ಧ ದೊರೆ ಅನ್ನೋದನ್ನೂ ಸ್ವಲ್ಪ ಕಾಲ ಕಂಡಿದ್ದಾರೆ. 1947ರ ಅಕ್ಟೋಬರ್‌ನಲ್ಲಿ, ಮೈಸೂರು ಚಲೋ ಚಳವಳಿ ಆದ ಮೇಲೆ, ಕೆ.ಸಿ. ರೆಡ್ಡಿ ಮಂತ್ರಿಮಂಡಲ ಬಂತು. ಜಯಚಾಮರಾಜ ಒಡೆಯರ್ ಸಿಂಹಾಸನದಲ್ಲೇ ಇದ್ರು, ಆದ್ರೆ ಆಡಳಿತ ನಡೆಸಿದ್ದು ಜನಪ್ರತಿನಿಧಿಗಳು. 1950ರಿಂದ ಅವರು ರಾಜಪ್ರಮುಖರು, 1956ರ ನಂತರ ರಾಜ್ಯಪಾಲರು. ಅಧಿಕಾರ ಹೋದ್ರೂ ಗೌರವ ಉಳಿಯೋದು ಹೇಗೆ ಅಂತ ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಂಥ ದೊರೆಯ ಕೆಲಸ ಏನು ಅನ್ನೋದನ್ನ 1867ರಲ್ಲಿ ಇಂಗ್ಲೆಂಡಿನ ಪತ್ರಕರ್ತ ವಾಲ್ಟರ್ ಬ್ಯಾಜೆಟ್ ಚೆನ್ನಾಗಿ ವಿವರಿಸಿದ. ಅವನ ಲೆಕ್ಕದಲ್ಲಿ ದೊರೆಗೆ ಉಳಿಯೋದು ಮೂರೇ ಹಕ್ಕು: ಮಂತ್ರಿಗಳು ತನ್ನ ಸಲಹೆ ಕೇಳಬೇಕು ಅನ್ನೋದು, ಅವರಿಗೆ ಧೈರ್ಯ ತುಂಬೋದು, ತಪ್ಪು ದಾರಿ ಹಿಡಿದ್ರೆ ಎಚ್ಚರಿಸೋದು. ಸಹಿ ದೊರೆಯದ್ದು, ತೀರ್ಮಾನ ಬೇರೆಯವರದ್ದು. ಹಾಗಾಗಿ ಅಂಥ ದೇಶದಲ್ಲಿ ದೊರೆಯ ಆರೋಗ್ಯ ಕೆಟ್ಟರೂ ಸರ್ಕಾರ ನಿಲ್ಲಲ್ಲ. 2022ರ ಸೆಪ್ಟೆಂಬರ್ 6ರಂದು 96 ವರ್ಷದ ಎರಡನೇ ಎಲಿಜಬೆತ್ ಬಾಲ್ಮೊರಲ್‌ನಲ್ಲಿ ಕೋಲು ಹಿಡಿದು ನಿಂತೇ ಹೊಸ ಪ್ರಧಾನಿಯನ್ನ ನೇಮಿಸಿದ್ರು, ಎರಡು ದಿನಕ್ಕೆ ತೀರಿಕೊಂಡ್ರು. ಅದೇ ದಿನ ಮಗ ರಾಜ. ಒಂದು ಗಳಿಗೆಯೂ ಖಾಲಿ ಇಲ್ಲ.

ದಲೈ ಲಾಮಾ ವಿಷಯದಲ್ಲಿ ತೊಡಕು ಇರೋದೇ ಇಲ್ಲಿ. ಅವರ ಪೀಠಕ್ಕೆ ಮಗ ಬರಲ್ಲ. ಅವರು ತೀರಿಕೊಂಡ ಮೇಲೆ ಪುನರ್ಜನ್ಮ ಅಂತ ಒಂದು ಮಗುವನ್ನ ಹುಡುಕಬೇಕು, ಗುರುತಿಸಬೇಕು, ಓದಿಸಬೇಕು, ಬೆಳೆಸಬೇಕು. ಈಗಿನವರ ಲೆಕ್ಕವನ್ನೇ ನೋಡಿ. 13ನೇ ದಲೈ ಲಾಮಾ ತೀರಿಕೊಂಡಿದ್ದು 1933ರ ಡಿಸೆಂಬರ್‌ನಲ್ಲಿ. 14ನೆಯವರು ಹುಟ್ಟಿದ್ದು 1935ರ ಜುಲೈ 6ಕ್ಕೆ. ಪೀಠಕ್ಕೆ ಕೂರಿಸಿದ್ದು 1940ರಲ್ಲಿ. ಅಧಿಕಾರ ಕೈಗೆ ಬಂದಿದ್ದು 1950ರ ನವೆಂಬರ್‌ನಲ್ಲಿ, ಅದೂ ಚೀನಾ ಸೇನೆ ಒಳಗೆ ಬಂತು ಅನ್ನೋ ಗಾಬರಿಯಲ್ಲಿ, ಹುಡುಗನಿಗೆ ಬರೀ 15 ವರ್ಷ ಇದ್ದಾಗ. ಹೆಚ್ಚುಕಮ್ಮಿ 17 ವರ್ಷ ಆ ಕುರ್ಚಿಯಲ್ಲಿ ಕೂತು ತೀರ್ಮಾನ ಮಾಡೋ ದಲೈ ಲಾಮಾ ಇರಲಿಲ್ಲ. ರಾಜಪ್ರತಿನಿಧಿಗಳು, ಅಂದ್ರೆ ರೀಜೆಂಟರು, ನಡೆಸಿದ್ರು.

ರೀಜೆಂಟ್ ಅಂದ್ರೆ ಮೈಸೂರಿನವರಿಗೆ ವಾಣಿವಿಲಾಸ ಸನ್ನಿಧಾನ ನೆನಪಾಗ್ತಾರೆ. 1894ರ ಡಿಸೆಂಬರ್‌ನಲ್ಲಿ ಚಾಮರಾಜೇಂದ್ರ ಒಡೆಯರ್ ಕಲ್ಕತ್ತಾದಲ್ಲಿ ಡಿಫ್ತೀರಿಯಾದಿಂದ ತೀರಿಕೊಂಡಾಗ ನಾಲ್ವಡಿಯವರಿಗೆ 10 ವರ್ಷ. 1902ರವರೆಗೆ ತಾಯಿ ರಾಜ್ಯ ನೋಡಿಕೊಂಡ್ರು, ಚೆನ್ನಾಗೇ ನೋಡಿಕೊಂಡ್ರು. ಟಿಬೆಟ್‌ನಲ್ಲಿ ಹಾಗೆ ಆಗಲಿಲ್ಲ. 19ನೇ ಶತಮಾನದಲ್ಲಿ 9ರಿಂದ 12ನೇ ದಲೈ ಲಾಮಾವರೆಗೆ ನಾಲ್ವರಲ್ಲಿ ಒಬ್ಬರೂ 25 ವರ್ಷ ದಾಟಲಿಲ್ಲ, ಹಾಗಾಗಿ ಆ ಶತಮಾನದ ಬಹುಪಾಲು ರೀಜೆಂಟರದ್ದೇ ಕಾರುಬಾರು. 1947ರಲ್ಲಂತೂ ಮಾಜಿ ರೀಜೆಂಟ್ ರೆಟಿಂಗ್ ರಿನ್ಪೊಚೆಯನ್ನ ಆಗಿನ ರೀಜೆಂಟರ ಸರ್ಕಾರ ಬಂಧಿಸಿತು, ಅವರ ಪರವಾಗಿ ಲ್ಹಾಸಾದ ಸೆರಾ ಮಠದ ಜೆ ವಿಭಾಗದ ಸನ್ಯಾಸಿಗಳು ಕೋವಿ ಹಿಡಿದ್ರು. ರೆಟಿಂಗ್ ಪೊಟಾಲಾ ಅರಮನೆಯ ಸೆರೆಯಲ್ಲೇ ಸತ್ತರು. ಆ ಸೆರಾ ಮಠ ಈಗ ಎಲ್ಲಿದೆ? ನಮ್ಮ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ. 1970ರ ಹೊತ್ತಿಗೆ ಇಲ್ಲಿ ಮತ್ತೆ ಕಟ್ಟಿದ್ರು. ಖಾಲಿ ಪೀಠ ಅಂದ್ರೆ ಏನು ಅನ್ನೋದನ್ನ ಆ ಮಠದವರು ಪುಸ್ತಕ ಓದಿ ತಿಳಿಯಬೇಕಾಗಿಲ್ಲ, ಅದು ಅವರ ಮನೆಯದ್ದೇ ಕಥೆ.

ಇನ್ನೂ ಹಳೇದೊಂದು ಇದೆ, ಹೇಳದೆ ಇರೋಕಾಗಲ್ಲ. ಐದನೇ ದಲೈ ಲಾಮಾ 1682ರಲ್ಲಿ ತೀರಿಕೊಂಡ್ರು. ಪೊಟಾಲಾ ಅರಮನೆ ಕೆಲಸ ಅರ್ಧಕ್ಕೆ ನಿಂತಿತ್ತು. ಅವರ ರೀಜೆಂಟ್ ಸಾವಿನ ಸುದ್ದಿಯನ್ನ ಸುಮಾರು 15 ವರ್ಷ ಮುಚ್ಚಿಟ್ಟ! ಗುರುಗಳು ಧ್ಯಾನದಲ್ಲಿದ್ದಾರೆ ಅಂತ ಹೇಳಿಕೊಂಡೇ ಆಡಳಿತ ನಡೆಸಿದ. ಪೀಠದ ಮೇಲೆ ಕೂತವರ ಆರೋಗ್ಯ ಯಾವತ್ತೂ ಬರೀ ವೈದ್ಯರ ವಿಷಯ ಆಗಿರಲಿಲ್ಲ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಈಗ ಬೈಲಕುಪ್ಪೆಗೆ ಬರೋಣ. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಭಾರತಕ್ಕೆ ಬಂದ್ರು. ನಿರಾಶ್ರಿತರಿಗೆ ಜಾಗ ಕೊಡಿ ಅಂತ ನೆಹರೂ ರಾಜ್ಯಗಳನ್ನ ಕೇಳಿದಾಗ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಕೊಟ್ಟಿತು. 1960ರ ಡಿಸೆಂಬರ್‌ನಲ್ಲಿ ಮೊದಲ ತಂಡ ಬಂತು. ಟಿಬೆಟನ್ನರು ಇವತ್ತಿಗೂ ಕೈ ಮುಗಿದು ನೆನೆಯೋದು ಎಸ್. ನಿಜಲಿಂಗಪ್ಪನವರನ್ನ. ಆದ್ರೆ ನೋಡಿ, 1960ರಲ್ಲಿ ಮುಖ್ಯಮಂತ್ರಿ ಕುರ್ಚಿಯಲ್ಲಿ ಇದ್ದದ್ದು ಬಿ.ಡಿ. ಜತ್ತಿ, ನಿಜಲಿಂಗಪ್ಪ ಮತ್ತೆ ಬಂದಿದ್ದು 1962ರಲ್ಲಿ, ಮುಂಡಗೋಡಿನ ನೆಲೆ ಆಗಿದ್ದು ಅವರ ಕಾಲದಲ್ಲಿ. ಜತ್ತಿಯವರ ಹೆಸರನ್ನ ಯಾರಾದ್ರೂ ಒಂದು ಸಲ ಹೇಳಬೇಕು ಅಂತ ನನಗೆ ಅನ್ನಿಸುತ್ತೆ, ಅದಕ್ಕೆ ಹೇಳಿದೆ. 1969ರಲ್ಲಿ ಬೈಲಕುಪ್ಪೆಯಲ್ಲೇ ಎರಡನೇ ನೆಲೆ, 1972ರಲ್ಲಿ ಹುಣಸೂರು ತಾಲೂಕಿನ ಗುರುಪುರದಲ್ಲಿ ಇನ್ನೊಂದು. ಕೊಳ್ಳೇಗಾಲದ ಒಡೆಯರಪಾಳ್ಯ, ಮುಂಡಗೋಡು ಸೇರಿಸಿದ್ರೆ ಕರ್ನಾಟಕದಲ್ಲಿ ಒಟ್ಟು ಐದು. ಅದರಲ್ಲಿ ಮೂರು ನಮ್ಮ ಈ ಎರಡು ತಾಲೂಕಿನಲ್ಲೇ.

ಈ ಕ್ಯಾಂಪುಗಳು ಬರೀ ಊರುಗಳಲ್ಲ. ಅವುಗಳ ಮೇಲೆ ಒಂದು ಸರ್ಕಾರ ಇದೆ: ಧರ್ಮಶಾಲಾದ ಕೇಂದ್ರ ಟಿಬೆಟನ್ ಆಡಳಿತ. ಯಾವ ದೇಶವೂ ಅದನ್ನ ಸರ್ಕಾರ ಅಂತ ಒಪ್ಪಿಕೊಂಡಿಲ್ಲ, ಆದ್ರೂ ಅದಕ್ಕೆ ಸಂಸತ್ತಿದೆ, ಮಂತ್ರಿಗಳಿದ್ದಾರೆ, ಪ್ರತಿ ನೆಲೆಗೂ ಒಬ್ಬ ಪ್ರತಿನಿಧಿ ಅಧಿಕಾರಿ ಇರ್ತಾರೆ. ಕೇಳುಗರ ಪ್ರಶ್ನೆಗೆ ಉತ್ತರ ಇರೋದು ಇದರಲ್ಲೇ.

ದಲೈ ಲಾಮಾ ತಮ್ಮ ಅಧಿಕಾರವನ್ನ ಒಂದೇ ಸಲಕ್ಕೆ ಬಿಡಲಿಲ್ಲ, ಐವತ್ತು ವರ್ಷ ತಗೊಂಡು ಕಳಚಿದ್ರು. 1963ರಲ್ಲಿ ಒಂದು ಸಂವಿಧಾನ ತಂದ್ರು. ಅದರಲ್ಲಿ ಒಂದು ವಿಧಿ: ಸಂಸತ್ತಿನ ಮೂರನೇ ಎರಡರಷ್ಟು ಸದಸ್ಯರು ಒಪ್ಪಿದ್ರೆ ದಲೈ ಲಾಮಾರ ಅಧಿಕಾರವನ್ನೇ ಕಿತ್ತುಕೊಳ್ಳಬಹುದು. ಜನ ಇದನ್ನ ಕೇಳಿ ಬೆಚ್ಚಿಬಿದ್ರು, ಬೇಡವೇ ಬೇಡ ಅಂದ್ರು. ಹಟ ಮಾಡಿ ಇರಲಿ ಅಂದಿದ್ದು ಸ್ವತಃ ದಲೈ ಲಾಮಾ. 1991ರಲ್ಲಿ ದೇಶಾಂತರದ ಟಿಬೆಟನ್ನರ ಸನ್ನದು ಬಂತು. 2001ರಲ್ಲಿ ಮುಖ್ಯ ಮಂತ್ರಿಯನ್ನ ಜನರೇ ನೇರವಾಗಿ ಆರಿಸಿದ್ರು, ಗೆದ್ದವರು ಸಾಮ್ದೊಂಗ್ ರಿನ್ಪೊಚೆ. ಕೊನೆಗೆ 2011ರ ಮಾರ್ಚ್ 10ಕ್ಕೆ, ಇನ್ನು ನನ್ನಲ್ಲಿ ರಾಜಕೀಯ ಅಧಿಕಾರ ಬೇಡ ಅಂತ ಘೋಷಿಸಿದ್ರು. ಕನಿಷ್ಠ ಹೆಸರಿಗಾದ್ರೂ ಮುಖ್ಯಸ್ಥರಾಗಿ ಇರಿ ಅಂತ ಕೇಳಿಕೊಂಡ್ರು. ಅಂದ್ರೆ, ಇಂಗ್ಲೆಂಡಿನ ರಾಣಿ ಥರ. ಅದನ್ನೂ ಒಪ್ಪಲಿಲ್ಲ. ಆ ವರ್ಷ ಮೇ ತಿಂಗಳಲ್ಲಿ ಸನ್ನದು ತಿದ್ದುಪಡಿ ಆಯ್ತು. 1642ರಲ್ಲಿ ಐದನೇ ದಲೈ ಲಾಮಾ ಕಾಲದಲ್ಲಿ ಶುರುವಾದ ರಾಜ್ಯಾಧಿಕಾರ 369 ವರ್ಷಕ್ಕೆ ಮುಗೀತು.

ಹಾಗಾದ್ರೆ ಉಳಿದದ್ದು ಏನು? ತಿದ್ದುಪಡಿಯಾದ ಸನ್ನದಿನ ಮೊದಲ ವಿಧಿಯಲ್ಲಿ ದಲೈ ಲಾಮಾ ಟಿಬೆಟ್ ಮತ್ತು ಟಿಬೆಟನ್ನರ ರಕ್ಷಕ, ಅವರ ಸಂಕೇತ. ಸಲಹೆ ಕೊಡಬಹುದು, ಪ್ರೋತ್ಸಾಹ ಕೊಡಬಹುದು, ಟಿಬೆಟನ್ನರ ಪರವಾಗಿ ಲೋಕದ ನಾಯಕರನ್ನ ಕಾಣಬಹುದು. ಬ್ಯಾಜೆಟ್ ಹೇಳಿದ್ದಕ್ಕೂ ಇದಕ್ಕೂ ಎಷ್ಟು ಹತ್ತಿರ ನೋಡಿ. ರಾಣಿ ಥರ ಇರಲ್ಲ ಅಂದವರು ಕೆಲಸದಲ್ಲಿ ಬಹುಪಾಲು ಅದೇ ಜಾಗಕ್ಕೆ ಬಂದು ನಿಂತ್ರು. ಸಹಿ ಮಾಡೋ ಭಾರ ಮಾತ್ರ ಇಲ್ಲ. ನನ್ನ ಮಟ್ಟಿಗೆ, ಅವರು ಗುರುಗಳೂ ಹೌದು, ಕಿರೀಟ ಕಳಚಿಟ್ಟ ದೊರೆಯೂ ಹೌದು.

ಅಧಿಕಾರ ಯಾರ ಕೈಗೆ ಹೋಯ್ತು ಅನ್ನೋದು ನಮಗೆ ಇನ್ನೂ ಹತ್ತಿರದ ವಿಷಯ. ಮೊದಲು ಲೋಬ್ಸಾಂಗ್ ಸಂಗೇ, 2021ರಿಂದ ಪೆನ್ಪಾ ತ್ಸೆರಿಂಗ್. ಈ ಹುದ್ದೆಗೆ ಸಿಕ್ಯೋಂಗ್ ಅಂತಾರೆ. ಪೆನ್ಪಾ ತ್ಸೆರಿಂಗ್ ಹುಟ್ಟಿದ್ದು 1967ರಲ್ಲಿ, ಬೈಲಕುಪ್ಪೆಯಲ್ಲಿ. ಓದಿದ್ದು ಅಲ್ಲಿನ ಟಿಬೆಟನ್ ಶಾಲೆಯಲ್ಲಿ, ಆಮೇಲೆ ಮದ್ರಾಸಿನಲ್ಲಿ. ಪಿರಿಯಾಪಟ್ಟಣ ತಾಲೂಕಿನಲ್ಲಿ ಹುಟ್ಟಿದವರೊಬ್ಬರು ಒಂದು ಸರ್ಕಾರದ ಮುಖ್ಯಸ್ಥರು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇಷ್ಟೆಲ್ಲಾ ಏರ್ಪಾಡು ಆಗಿದೆ, ಹಾಗಾದ್ರೆ ಚಿಂತೆ ಯಾಕೆ? ಅಧಿಕಾರವನ್ನ ಚುನಾವಣೆ ಮಾಡಿ ದಾಟಿಸಬಹುದು, ಪ್ರಭಾವವನ್ನ ದಾಟಿಸೋಕಾಗಲ್ಲ. ಸಿಕ್ಯೋಂಗ್ ಯಾರು ಅಂತ ಗೊತ್ತಿಲ್ಲದ ದೇಶಗಳಲ್ಲೂ ದಲೈ ಲಾಮಾ ಯಾರು ಅಂತ ಗೊತ್ತು. 1989ರ ನೊಬೆಲ್ ಅವರದ್ದು. ದೇಣಿಗೆ ಬರೋದು, ಮಠಗಳಿಗೆ ವಿದೇಶದಿಂದ ವಿದ್ಯಾರ್ಥಿಗಳು ಬರೋದು, ದೆಹಲಿಯಲ್ಲಿ ಒಂದು ಮಾತು ನಡೆಯೋದು, ಇವೆಲ್ಲದರ ಹಿಂದೆ ಆ ಒಂದು ಮುಖ ಇದೆ.

ಆ ಮುಖಕ್ಕೆ ಈಗ 90 ದಾಟಿದೆ. 2008ರಲ್ಲಿ ದೆಹಲಿಯಲ್ಲಿ ಪಿತ್ತಕೋಶದ ಕಲ್ಲಿಗೆ ಶಸ್ತ್ರಚಿಕಿತ್ಸೆ. 2016ರ ಆರಂಭದಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಪ್ರಾಸ್ಟೇಟ್ ಚಿಕಿತ್ಸೆ. 2019ರ ಏಪ್ರಿಲ್‌ನಲ್ಲಿ ಎದೆಯ ಸೋಂಕು, ಮೂರು ದಿನ ದೆಹಲಿಯ ಆಸ್ಪತ್ರೆ. 2024ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಮಂಡಿ ಬದಲಿ ಶಸ್ತ್ರಚಿಕಿತ್ಸೆ. ಇದಾಗಿ ಆರು ತಿಂಗಳಿಗೆ, 2025ರ ಜನವರಿಯಲ್ಲಿ, ಅವರು ಬೈಲಕುಪ್ಪೆಗೆ ಬಂದ್ರು. 2017ರ ನಂತರ ಅದೇ ಮೊದಲು. ಧರ್ಮಶಾಲಾದ ಚಳಿ ತಪ್ಪಿಸಿ ವಿಶ್ರಾಂತಿಗೆ ಅಂತ ಎಲ್ಲರೂ ಬರೆದ್ರು. ಗುರುಪುರದ ಗ್ಯುಮೆ ತಾಂತ್ರಿಕ ಮಠಕ್ಕೂ ಹೋಗಿದ್ರು. ನಡೆಯುವಾಗ ಎರಡೂ ಕಡೆ ಆಸರೆ, ದೂರಕ್ಕೆ ಗಾಲ್ಫ್ ಗಾಡಿ. ಮಾತು ಮಾತ್ರ ಮೊದಲಿನ ಹಾಗೇ, ನಗುವೂ ಹಾಗೇ.

ಅವರು ಉಳಿದುಕೊಂಡಿದ್ದ ಜಾಗ ಇದೆಯಲ್ಲ, ಅದರ ಬಗ್ಗೆ ಯಾರೂ ಅಷ್ಟು ಮಾತಾಡಲಿಲ್ಲ. ನನಗೆ ಇಡೀ ಸುದ್ದಿಯಲ್ಲಿ ಅದೇ ಮುಖ್ಯ ಅನ್ನಿಸ್ತು. ತಾಶಿ ಲುನ್ಪೊ ಮಠ. ಟಿಬೆಟ್‌ನ ಶಿಗಾತ್ಸೆಯಲ್ಲಿರೋ ಮೂಲ ತಾಶಿ ಲುನ್ಪೊ ಪಂಚೆನ್ ಲಾಮಾರ ಪೀಠ. 1972ರಲ್ಲಿ ಬೈಲಕುಪ್ಪೆಯಲ್ಲಿ ಅದನ್ನ ಮತ್ತೆ ಕಟ್ಟಿದ್ರು. ಸಂಪ್ರದಾಯದಲ್ಲಿ ದಲೈ ಲಾಮಾ ಮರುಹುಟ್ಟನ್ನ ಗುರುತಿಸೋದರಲ್ಲಿ ಪಂಚೆನ್ ಲಾಮಾಗೆ, ಪಂಚೆನ್ ಮರುಹುಟ್ಟನ್ನ ಗುರುತಿಸೋದರಲ್ಲಿ ದಲೈ ಲಾಮಾಗೆ ದೊಡ್ಡ ಪಾತ್ರ. 10ನೇ ಪಂಚೆನ್ ಲಾಮಾ 1989ರಲ್ಲಿ ತೀರಿಕೊಂಡ್ರು. 1995ರ ಮೇ 14ರಂದು ದಲೈ ಲಾಮಾ ಟಿಬೆಟ್‌ನಲ್ಲಿದ್ದ ಆರು ವರ್ಷದ ಗೆಧುನ್ ಚೊಯ್ಕಿ ನ್ಯಿಮಾ ಅನ್ನೋ ಹುಡುಗನೇ ಮುಂದಿನವನು ಅಂದ್ರು. ಮೂರು ದಿನಕ್ಕೆ ಚೀನಾ ಅಧಿಕಾರಿಗಳು ಆ ಮಗುವನ್ನ, ಅಪ್ಪ ಅಮ್ಮನನ್ನ ಕರ್ಕೊಂಡು ಹೋದ್ರು. ಅವತ್ತಿನಿಂದ ಹೊರಗಿನವರು ಯಾರೂ ಅವನನ್ನ ಕಂಡಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಚೀನಾ ಚಿನ್ನದ ಕಲಶದಿಂದ ಚೀಟಿ ಎತ್ತಿ ಬೇರೊಬ್ಬ ಹುಡುಗನನ್ನ ಪಂಚೆನ್ ಅಂತ ಕೂರಿಸಿತು. ಬೈಲಕುಪ್ಪೆಯ ತಾಶಿ ಲುನ್ಪೊದವರಿಗೆ ಅವರು ನಂಬೋ ಪಂಚೆನ್ ಇವತ್ತಿಗೂ ಕಾಣೆಯಾದ ಆ ಹುಡುಗನೇ. ಬದುಕಿದ್ರೆ ಈಗ ಮೂವತ್ತೈದು ದಾಟಿರಬೇಕು.

ದಲೈ ಲಾಮಾ ನಂತರ ಏನಾಗಬಹುದು ಅನ್ನೋದರ ತಾಲೀಮು ಇದು ಅಂತ ಟಿಬೆಟನ್ನರು ಭಾವಿಸ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. 2007ರಲ್ಲಿ ಚೀನಾ ಒಂದು ನಿಯಮ ತಂದಿದೆ: ಸರ್ಕಾರದ ಅನುಮತಿ ಇಲ್ಲದೆ ಯಾವ ಲಾಮಾನೂ ಮರುಹುಟ್ಟು ಪಡೆಯೋ ಹಾಗಿಲ್ಲ. ದೇವರನ್ನೇ ನಂಬದ ಪಕ್ಷ ಪುನರ್ಜನ್ಮಕ್ಕೆ ಪರವಾನಗಿ ಕೊಡೋದು! ನಗು ಬರುತ್ತೆ, ಆದ್ರೆ ಅದರ ಹಿಂದಿನ ಲೆಕ್ಕ ನಗುವಂಥದ್ದಲ್ಲ. ಎಳೇ ಮಗುವನ್ನ ತಮ್ಮ ಕೈಲಿ ಬೆಳೆಸಿದ್ರೆ ಮುಂದಿನ ಅರವತ್ತು, ಎಪ್ಪತ್ತು ವರ್ಷದ ಪ್ರಭಾವ ಅವರ ಕೈಲಿ.

ಅದಕ್ಕೇ ದಲೈ ಲಾಮಾ 2025ರ ಜುಲೈ 2ರಂದು, 90 ತುಂಬೋದಕ್ಕೆ ನಾಲ್ಕು ದಿನ ಮುಂಚೆ, ಸ್ಪಷ್ಟವಾಗಿ ಹೇಳಿದ್ದು: ಈ ಪರಂಪರೆ ಮುಂದುವರಿಯುತ್ತೆ, ಮುಂದಿನವರನ್ನ ಗುರುತಿಸೋ ಹಕ್ಕು ತಮ್ಮ ಗಾದೆನ್ ಫೊದ್ರಂಗ್ ಟ್ರಸ್ಟಿಗೆ ಮಾತ್ರ, ಬೇರೆ ಯಾರಿಗೂ ಇಲ್ಲ. ಅದೇ ವರ್ಷ ಬಂದ ಪುಸ್ತಕದಲ್ಲಿ, ಮುಂದಿನವರು ಹುಟ್ಟೋದು ಸ್ವತಂತ್ರ ಜಗತ್ತಿನಲ್ಲಿ, ಅಂದ್ರೆ ಚೀನಾ ಹಿಡಿತದ ಹೊರಗೆ ಅಂತ ಬರೆದಿದ್ದಾರೆ. ಚೀನಾ ತಕ್ಷಣ ತಿರುಗೇಟು ಕೊಟ್ಟಿತು. ನಮ್ಮ ವಿದೇಶಾಂಗ ಇಲಾಖೆ ನಂಬಿಕೆ, ಧರ್ಮಾಚರಣೆಯ ವಿಷಯದಲ್ಲಿ ಸರ್ಕಾರ ಯಾವ ನಿಲುವೂ ತಗೊಳ್ಳಲ್ಲ ಅಂತ ಅಷ್ಟರಲ್ಲೇ ಮುಗಿಸಿತು.

ವಯಸ್ಸಾದ ದೊರೆ ಸ್ವತಃ ಮುಂದಿನದನ್ನ ಹೊಂದಿಸಿ ಹೋಗೋದು ಬೇರೆ ಕಡೆಯೂ ಇದೆ. ಭೂತಾನದ ನಾಲ್ಕನೇ ರಾಜ 2006ರಲ್ಲಿ, ಇನ್ನೂ ಗಟ್ಟಿಮುಟ್ಟಾಗಿದ್ದಾಗಲೇ, ಮಗನಿಗೆ ಬಿಟ್ಟುಕೊಟ್ಟರು; 2008ಕ್ಕೆ ಸಂವಿಧಾನವೇ ಬಂತು. ಜಪಾನಿನ ಅಕಿಹಿತೊ ಕಥೆ ಇನ್ನೂ ಸೂಕ್ಷ್ಮ. 2016ರ ಆಗಸ್ಟ್‌ನಲ್ಲಿ ಟಿವಿಯಲ್ಲಿ ಬಂದು ವಯಸ್ಸಾಯ್ತು, ಮೊದಲಿನ ಹಾಗೆ ಕೆಲಸ ಮಾಡೋದು ಕಷ್ಟವಾಗ್ತಿದೆ ಅಂದ್ರು. ಇಳಿಯುತ್ತೇನೆ ಅಂತ ನೇರವಾಗಿ ಹೇಳಿದ್ರೆ ಅದು ರಾಜಕೀಯದ ಮಾತಾಗುತ್ತೆ, ಚಕ್ರವರ್ತಿಗೆ ಆ ಸ್ವಾತಂತ್ರ್ಯ ಇಲ್ಲ. ಜನರಿಗೆ ಅರ್ಥ ಆಯ್ತು, ಸಂಸತ್ತು ಅವರೊಬ್ಬರಿಗೋಸ್ಕರ ಕಾನೂನು ಮಾಡಿತು, 2019ರಲ್ಲಿ ಇಳಿದ್ರು.

ನಮ್ಮ ಕಣ್ಣೆದುರೇ ಒಂದು ಉತ್ತರಾಧಿಕಾರ ನಡೆದುಹೋಗಿದೆ, ಅದೂ ಸದ್ದಿಲ್ಲದೆ. ಎಲ್ಲರೂ ಗೋಲ್ಡನ್ ಟೆಂಪಲ್ ಅಂತ ನೋಡೋಕೆ ಹೋಗ್ತೀವಲ್ಲ, ಆ ನಾಮ್‌ಡ್ರೋಲಿಂಗ್ ಮಠವನ್ನ 1963ರಲ್ಲಿ ಶುರು ಮಾಡಿದ ಪೆನೋರ್ ರಿನ್ಪೊಚೆ 2009ರಲ್ಲಿ ಅಲ್ಲೇ ತೀರಿಕೊಂಡ್ರು. 2014ರಲ್ಲಿ ಅವರ ಮರುಹುಟ್ಟು ಅಂತ ಗುರುತಿಸಿದ ಪುಟ್ಟ ಹುಡುಗನನ್ನ ಅದೇ ಮಠದಲ್ಲಿ ಪೀಠಕ್ಕೆ ಕೂರಿಸಿದ್ರು. ಮಠ ನಿಲ್ಲಲಿಲ್ಲ, ಪ್ರವಾಸಿಗಳೂ ನಿಲ್ಲಲಿಲ್ಲ. ಒಂದು ಮಠದ ಮಟ್ಟಿಗೆ ಈ ಪದ್ಧತಿ ಚೆನ್ನಾಗಿ ನಡೆಯುತ್ತೆ. ಒಂದು ಜನಾಂಗದ ರಾಜಕೀಯವನ್ನೂ ಅದೇ ಹೊರುತ್ತಾ ಅನ್ನೋದು ಬೇರೆ ಪ್ರಶ್ನೆ.

ಕೊನೆಗೆ ನೆಲದ ವಿಷಯ, ಇದು ನಮ್ಮವರಿಗೂ ಸಂಬಂಧಪಟ್ಟದ್ದು. ಕ್ಯಾಂಪಿನ ಜಮೀನು ಟಿಬೆಟನ್ನರ ಸ್ವಂತದ್ದಲ್ಲ, ಸರ್ಕಾರದ್ದು. 2014ರ ಟಿಬೆಟನ್ ಪುನರ್ವಸತಿ ನೀತಿ, 20 ವರ್ಷದ ಗುತ್ತಿಗೆ ಪತ್ರ ಮಾಡಿಕೊಡಿ ಅಂತ ರಾಜ್ಯಗಳಿಗೆ ಹೇಳಿತು. ಅಲ್ಲಿನ ಮೆಕ್ಕೆಜೋಳದ ಹೊಲದಲ್ಲಿ, ಅಂಗಡಿಗಳಲ್ಲಿ, ಮಠದ ಕಟ್ಟಡ ಕೆಲಸದಲ್ಲಿ ಸುತ್ತಲಿನ ಹಳ್ಳಿಯವರ ದುಡಿಮೆ ಇದೆ; ಕಾವೇರಿ ದಾಟಿದ್ರೆ ಸಿಗೋ ಕುಶಾಲನಗರದ ಪೇಟೆ ಅವರ ಕೊಳ್ಳುವಿಕೆಯನ್ನೂ ನೆಚ್ಚಿಕೊಂಡಿದೆ. ಟಿಬೆಟನ್ ಹುಡುಗರು ಹುಡುಗಿಯರು ಕೆನಡಾ, ಅಮೆರಿಕ, ಯುರೋಪು ಅಂತ ಹೋಗ್ತಾ ಇದ್ದಾರೆ, ಕ್ಯಾಂಪಿನಲ್ಲಿ ವಯಸ್ಸಾದವರು ಮತ್ತು ಸನ್ಯಾಸಿಗಳು ಹೆಚ್ಚು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಭಾರತೀಯ ಪ್ರಜೆಗಳೇ ಅಂತ ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದೆ. ಕೆಲವರು ಮತದಾರರ ಗುರುತಿನ ಚೀಟಿ ಮಾಡಿಸಿಕೊಂಡ್ರು. ಇನ್ನು ಕೆಲವರು ಬೇಡ ಅಂದ್ರು. ನಿರಾಶ್ರಿತರು ಅನ್ನೋ ಗುರುತು ಬಿಟ್ಟರೆ ಟಿಬೆಟ್ ಮೇಲಿನ ಹಕ್ಕಿನ ಮಾತೂ ಬಿಟ್ಟ ಹಾಗೆ ಅನ್ನೋದು ಅವರ ಭಾವನೆ. ದಲೈ ಲಾಮಾ ಇರೋವರೆಗೆ ಈ ಎರಡೂ ಗುಂಪಿನವರು ಒಂದೇ ಪ್ರಾರ್ಥನೆಗೆ ಒಂದೇ ಕಡೆ ಕೂರ್ತಾರೆ.

ತಮ್ಮ ಆಯಸ್ಸಿನ ಬಗ್ಗೆ ಅವರು ಏನಂತಾರೆ ಗೊತ್ತಾ? 90ನೇ ಹುಟ್ಟುಹಬ್ಬದ ಹಿಂದಿನ ದಿನ, ಇನ್ನೂ 30, 40 ವರ್ಷ ಇರ್ತೀನಿ ಅನ್ನೋ ನಂಬಿಕೆ ಇದೆ ಅಂದ್ರು. ನೆರೆದಿದ್ದವರು ಚಪ್ಪಾಳೆ ತಟ್ಟಿದ್ರು. ದೀರ್ಘಾಯುಷ್ಯದ ಪೂಜೆಗೆ ಟಿಬೆಟನ್ನರು ತೆನ್ಶುಗ್ ಅಂತಾರೆ. ಗುರುಗಳೇ, ಇನ್ನೂ ಇರಿ ಅಂತ ಶಿಷ್ಯರು ಬೇಡಿಕೊಳ್ಳೋದು, ಆಗಲಿ ಅಂತ ಗುರು ಒಪ್ಪೋದು. ವರ್ಷದಿಂದ ವರ್ಷಕ್ಕೆ ಆ ಬೇಡಿಕೆ ಜೋರಾಗ್ತಾ ಇದೆ.

ಎಚ್.ಡಿ. ಕೋಟೆಯಿಂದ ಕಬಿನಿ ಮುಳುಗಡೆ, ಕಾಕನಕೋಟೆ ಖೆಡ್ಡಾ ಬಗ್ಗೆ ಕೇಳಿದವರಿಗೆ: ನಿಮ್ಮ ಪ್ರಶ್ನೆ ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.